ಅವನ ಎಡ ಮಂಡಿ

ಇದನ್ನು ಹೇಳಲು ತಡ ಮಾಡಿದೆ. ಮರೆತಿದ್ದರಿಂದ ಅಲ್ಲ. ನಮ್ಮ ಕನ್ನಡ ಸಂಘದ ಸಂಚಿಕೆಗೆ ಪ್ರತಿ ವರ್ಷ ನಾನು ಕಂಡ ಯಾರಾದರೊಬ್ಬರ ಬಗ್ಗೆ ನಾಲ್ಕು ಪುಟ ಬರೆದುಕೊಡುತ್ತೇನೆ. ಮೈಸೂರಿನ ಗರಡಿಯಲ್ಲಿ ಕುಸ್ತಿ ಕಲಿಸಿದ ಉಸ್ತಾದರ ಬಗ್ಗೆ ಬರೆದೆ. ಹ್ಯೂಸ್ಟನ್ನಿನಲ್ಲಿ ನರ್ಸಾಗಿದ್ದು ನನ್ನನ್ನು ಈ ದೇಶಕ್ಕೆ ಕರೆಸಿಕೊಂಡ ಅಕ್ಕನ ಬಗ್ಗೆ ಬರೆದೆ. ಪೆನ್ನು ಹಿಡಿದಾಗಲೆಲ್ಲ ಮೊದಲು ನೆನಪಿಗೆ ಬರುತ್ತಿದ್ದವನು ಇವನು. ಇವನದು ಮುಂದಿನ ವರ್ಷ ನೋಡೋಣ ಎಂದು ಬೇರೊಬ್ಬರನ್ನು ಹುಡುಕಿಕೊಳ್ಳುತ್ತಿದ್ದೆ. ಒಳ್ಳೆಯವನೊಬ್ಬನ ಬಗ್ಗೆ ಬರೆಯುವುದು ಕಷ್ಟವಲ್ಲ. ಆ ಒಳ್ಳೆಯವನಿಗೆ ನಾನೇನು ಮಾಡಿದೆ ಎಂದು ಬರೆಯುವುದು ಕಷ್ಟ.

ಅವನು ಅಮೆರಿಕನ್ ಫುಟ್‌ಬಾಲ್ ಆಡುವವನು. ಟೀವಿಯಲ್ಲಿ ನೀವು ನೋಡುವ ದೊಡ್ಡ ಲೀಗ್ ಅಲ್ಲ. ಅಲ್ಲಿಗೆ ಹತ್ತಲಾಗದವರು, ಅಲ್ಲಿಂದ ಜಾರಿದವರು ಸೇರಿ ಆಡುತ್ತಿದ್ದ ಒಂದು ಸಣ್ಣ ಲೀಗ್ ಇತ್ತು. ಅದರಲ್ಲಿ ಹ್ಯೂಸ್ಟನ್ನಿಗೂ ಒಂದು ತಂಡ. ಈಗ ಆ ತಂಡವೂ ಇಲ್ಲ, ಲೀಗೂ ಇಲ್ಲ. ಅವನು ಅಲ್ಲಿ ರನ್ನಿಂಗ್ ಬ್ಯಾಕ್. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಗೇ ನುಗ್ಗುವವನು. ಎದುರಿಗಿರುವ ಅಷ್ಟೂ ಜನ ಅವನೊಬ್ಬನನ್ನು ಕೆಡವಲು ಕಾದಿರುತ್ತಾರೆ. ಅವನು ಬೀಳುವುದು ಖಂಡಿತ. ಬೀಳುವ ಮೊದಲು ಎಷ್ಟು ಗಜ ಮುಂದೆ ಹೋದ ಎಂಬುದಷ್ಟೇ ಲೆಕ್ಕ.

"ಬೀಳೋದು ತಪ್ಪಲ್ಲ ಕೋಚ್. ಹಿಂದಕ್ಕೆ ಬೀಳ್ಬಾರ್ದು, ಅಷ್ಟೆ" ಎನ್ನುತ್ತಿದ್ದ.

ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನದು ಮುರುಕು ಇಂಗ್ಲಿಷು. ಆದರೆ ಅವನ ಮಾತುಗಳು ನನ್ನ ತಲೆಯಲ್ಲಿ ಕನ್ನಡದಲ್ಲೇ ಉಳಿದಿವೆ, ಹಾಗೆಯೇ ಬರೆಯುತ್ತಿದ್ದೇನೆ. ನನ್ನನ್ನು ಅವನು ಕೋಚ್ ಎಂದು ಕರೆಯುತ್ತಿದ್ದ. ನಾನು ಯಾರಿಗೂ ಕೋಚ್ ಆಗಿದ್ದವನಲ್ಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು, ಒಂದು ಜಿಮ್ಮಿನ ಹಿಂಬದಿಯ ಕೋಣೆಯಲ್ಲಿ ಟವೆಲು ಒಗೆದು ಮಡಿಸುವ ಕೆಲಸದಲ್ಲಿದ್ದೆ.

ಆ ಜಿಮ್ಮಿಗೆ ಅವನು ಬೆಳಗಿನ ಹೊತ್ತು ಬರುತ್ತಿದ್ದ. ಟವೆಲು ಕೊಡುವ ಕಿಟಕಿಯ ಮುಂದೆ ಒಂದು ದಿನ ನಿಂತು ನನ್ನ ಮುಖವನ್ನೇ ನೋಡಿ, "ಎಲ್ಲಿ ಕುಸ್ತಿ ಆಡಿದ್ರಿ?" ಎಂದು ಕೇಳಿದ.

ನನಗೆ ಗಾಬರಿಯಾಯಿತು. ಹತ್ತು ವರ್ಷದಿಂದ ಅಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. "ಯಾರು ಹೇಳಿದ್ರು ನಿಮಗೆ?"

"ನಿಮ್ಮ ಕಿವಿಗಳು ಹೇಳಿದ್ವು" ಎಂದು ನಕ್ಕ.

ಗರಡಿಯಲ್ಲಿ ಉಜ್ಜಿ ಉಜ್ಜಿ ನನ್ನ ಎರಡೂ ಕಿವಿಗಳು ಹಿಂಡಿದ ಬಟ್ಟೆಯ ಹಾಗೆ ಮುರುಟಿವೆ. ನಮ್ಮ ಸಂಘದ ಜನಕ್ಕೆ ಅದು ಹುಟ್ಟಿನಿಂದ ಬಂದ ಊನವೆಂದೇ ಲೆಕ್ಕ. ಅದು ಪೈಲ್ವಾನನ ಕಿವಿ ಎಂದು ಈ ಊರಿನಲ್ಲಿ ಗುರುತಿಸಿದವನು ಅವನೊಬ್ಬನೇ. ಅಂದು ನಾನು ಟವೆಲು ಮಡಿಸುವುದು ಬಿಟ್ಟು, ದಸರಾ ಕುಸ್ತಿ, ಕೆಂಪು ಮಣ್ಣಿನ ಮಟ್ಟಿ, ಬೆಳಗಿನ ಜಾವದ ಸಾಮು, ಮಾಲೀಸು ಎಲ್ಲವನ್ನೂ ಕೈಯಾಡಿಸಿಕೊಂಡು ಹೇಳಿದೆ. ಅವನು ಎಲ್ಲ ಬಿಟ್ಟು ಮಾಲೀಸನ್ನು ಹಿಡಿದುಕೊಂಡ. "ಆ ಎಣ್ಣೆ ಉಜ್ಜೋದು ನಿಮಗೆ ಗೊತ್ತಾ?"

ಗೊತ್ತಿತ್ತು. ಕುಸ್ತಿಯಲ್ಲಿ ನಾನು ದೊಡ್ಡ ಹೆಸರೇನೂ ಮಾಡಲಿಲ್ಲ. ಆದರೆ ದೊಡ್ಡ ದೊಡ್ಡ ಪೈಲ್ವಾನರ ಮೈ ನನ್ನ ಕೈಯಲ್ಲಿ ಹದಗೊಂಡಿತ್ತು. ಈ ದೇಶದಲ್ಲಿ ಅದಕ್ಕೊಂದು ಲೈಸೆನ್ಸ್ ಬೇಕು, ನನ್ನ ಬಳಿ ಇರಲಿಲ್ಲ. ಹಾಗಾಗಿ ಕಾಸಿನ ಮಾತೇ ಇಲ್ಲದೆ, ಸ್ನೇಹಕ್ಕೆಂದು, ಹ್ಯೂಸ್ಟನ್ನಿನ ಅಂಚಿನ ಮಿಸೌರಿ ಸಿಟಿಯಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಬುಧವಾರ ಸಂಜೆ ಅವನ ಕಾಲಿಗೆ ಎಣ್ಣೆ ಉಜ್ಜತೊಡಗಿದೆ.

ಮೊದಲ ದಿನ ಬಾಗಿಲಲ್ಲಿದ್ದ ನಮ್ಮ ಚಪ್ಪಲಿಗಳನ್ನು ನೋಡಿ, ಯಾರೂ ಹೇಳದೆಯೇ ಬೂಟು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟ. ನನ್ನ ಹೆಂಡತಿ ಆ ಬೂಟಿನ ಗಾತ್ರ ನೋಡಿ, "ರೀ, ಇದೇನ್ರೀ, ಕಪಿಲಾ ಹೊಳೆ ದಾಟೋ ತೆಪ್ಪ ಇದ್ದಂಗದೆ" ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ. ಅವಳು ಕೂರುವ ತನಕ ಅವನೂ ಕೂರುತ್ತಿರಲಿಲ್ಲ. ಮಟ್ಟಿಗೆ ಇಳಿಯುವ ಮೊದಲು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತೇವೆ ಎಂದು ನಾನು ಹೇಳಿದ್ದೆ. ಮಾರನೆಯ ವಾರದಿಂದ ನನ್ನ ಗ್ಯಾರೇಜಿನ ರಬ್ಬರ್ ಚಾಪೆಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡೇ ಮಲಗುತ್ತಿದ್ದ. ಮೊದಲು ನನಗೆ ತಮಾಷೆಯೆನಿಸಿತು. ಆಮೇಲೆ ಅವನು ಬರುವ ಮುನ್ನ ಆ ಚಾಪೆಯನ್ನು ಒರೆಸಿಡಲು ಶುರುಮಾಡಿದೆ.

ತಂಡ ಸೋತ ವಾರ ಸಿಳ್ಳೆ ಹಾಕಿಕೊಂಡು ಬರುತ್ತಿದ್ದ. ಗೆದ್ದ ವಾರ ಮಾತೇ ಇಲ್ಲ. ಯಾಕೆಂದು ಕೇಳಿದರೆ, "ಸೋತಾಗ ಎಲ್ರೂ ಬೇಜಾರಲ್ಲಿರ್ತಾರೆ, ಒಬ್ಬನಾದ್ರೂ ಸಿಳ್ಳೆ ಹಾಕ್ಬೇಕಲ್ಲ" ಎಂದ. ನಮ್ಮ ಮನೆಯ ನಿಂಬೆ ಉಪ್ಪಿನಕಾಯಿಯನ್ನು ಪಲ್ಯದ ಹಾಗೆ ತಿಂದು ಕಣ್ಣೀರು ಸುರಿಸಿಕೊಂಡು, ಮತ್ತೆ ತಟ್ಟೆ ಒಡ್ಡುತ್ತಿದ್ದ. ಇಪ್ಪತ್ತು ಕಿಲೋ ಅಕ್ಕಿ ಮೂಟೆಯನ್ನು ಕಾರಿನಿಂದ ತರುವಾಗಲೂ ಚೆಂಡಿನ ಹಾಗೆ ಕಂಕುಳಿಗೇ ಸೇರಿಸುತ್ತಿದ್ದ. ಅವನಿಗೆ ವಸ್ತುಗಳನ್ನು ಬೇರೆ ರೀತಿ ಹಿಡಿಯಲು ಬರುತ್ತಲೇ ಇರಲಿಲ್ಲವೋ ಏನೋ.

ಮಗಳನ್ನೂ ಹಾಗೆಯೇ ಎತ್ತಿಕೊಂಡು ಬಂದ. ಆಗ ಅವಳಿಗೆ ಆರು ವರ್ಷ. ಜಡೆಗಳ ತುದಿಗೆಲ್ಲ ಬಣ್ಣದ ಮಣಿಗಳು. ಅಪ್ಪನ ಕಂಕುಳಲ್ಲಿ ಅಡ್ಡಡ್ಡ ಜೋತುಕೊಂಡು ಕಿಲಕಿಲ ನಗುತ್ತಿದ್ದಳು.

"ಅಯ್ಯೋ, ಮಗೂನ ಹಂಗೆ ಹಿಡ್ಕೋತಾರೇನಪ್ಪಾ! ಕೊಡಿಲ್ಲಿ" ಎಂದು ನನ್ನ ಹೆಂಡತಿ ಅವಳನ್ನು ಕಸಿದುಕೊಂಡಳು.

ಅಂದಿನಿಂದ ಬುಧವಾರ ಎಂದರೆ ಆ ಮಗುವೂ ಬರುವ ದಿನ. ಅವನೂ ಮಗುವಿನ ತಾಯಿಯೂ ಬೇರೆಯಾಗಿದ್ದರು. ಬುಧವಾರ ಶಾಲೆ ಬಿಟ್ಟ ಮೇಲೆ, ಮತ್ತೆ ವಾರ ಬಿಟ್ಟು ವಾರ ಶನಿವಾರ, ಭಾನುವಾರ ಅವಳು ಅಪ್ಪನ ಜೊತೆ. ಕೋರ್ಟಿನ ಕರಾರು. ಅವನು ಹ್ಯೂಸ್ಟನ್ನಿನಲ್ಲಿ ಇರುವ ತನಕ ಮಾತ್ರ ನಡೆಯುವ ಕರಾರು. ನಾನು ಕಾಲು ಒತ್ತುವಾಗ ಅವಳು ನನ್ನ ಹೆಂಡತಿಯ ಪಕ್ಕ ಕೂತು ಚಕ್ಕುಲಿ ಮುರಿಯುತ್ತಿದ್ದಳು. ಅವಳು ಕಲಿತ ಕನ್ನಡ ಒಂದೇ ಪದ, 'ಸಾಕು'. ನನ್ನ ಹೆಂಡತಿ ಡಬ್ಬಿ ಮುಂದೆ ಹಿಡಿದರೆ, "ಸಾಕು, ಸಾಕು" ಎನ್ನುತ್ತ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು.

ಇನ್ನು ಆ ಮಂಡಿಯ ವಿಷಯ.

ಅವನ ಎಡಗಾಲನ್ನು ಮಡಿಸಿ ಬಿಚ್ಚಿದರೆ ಒಳಗಿನಿಂದ ಕರಕರ ಸದ್ದು ಬರುತ್ತಿತ್ತು. ಅಂಗೈ ಇಟ್ಟರೆ ಮರಳು ಅರೆಯುವ ಹಾಗೆ ತಿಳಿಯುತ್ತಿತ್ತು. ಗರಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಸದ್ದೆಂದರೆ ಯಮನ ಗಂಟೆ. 'ಮಂಡಿ ನುಡಿದರೆ ಮಟ್ಟಿ ಬಿಡು' ಎಂದು ಉಸ್ತಾದರು ಹೇಳುತ್ತಿದ್ದರು. ಸದ್ದು ಬಂದ ಪೈಲ್ವಾನನನ್ನು ಆ ವರ್ಷವೇ ಕುಸ್ತಿ ಬಿಡಿಸಿ ಮನೆಗೆ ಕಳಿಸಿದ್ದನ್ನು ನಾನು ಕಂಡಿದ್ದೆ. ಅವನಿಗೂ ಹೇಳಿದೆ, "ಇದು ಒಳ್ಳೇದಲ್ಲಪ್ಪಾ."

"ಅಯ್ಯೋ ಕೋಚ್, ಅದು ಹೈಸ್ಕೂಲಿಂದ ಹಂಗೇ. ನೋವಿಲ್ಲ ಏನಿಲ್ಲ" ಎಂದ.

ಮಗು ಓಡಿಬಂದು ಅಪ್ಪನ ಮಂಡಿಗೆ ಕಿವಿ ಹಚ್ಚಿ, "ಡ್ಯಾಡಿ ಮಂಡಿ ಸೀರಿಯಲ್ ತಿಂತಾ ಇದೆ! ಯಾವಾಗ್ಲೂ ತಿಂತಾ ಇರತ್ತೆ!" ಎಂದಳು. ನಾವೆಲ್ಲ ನಕ್ಕೆವು. ಆ ಮಗು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ನನಗೆ ನನ್ನ ಕೈಯ ಮೇಲೆ ನಂಬಿಕೆ ಹೆಚ್ಚು.

ಉಸ್ತಾದರು ಹೇಳಿದ್ದ ಇನ್ನೊಂದು ಮಾತಿದೆ. ಅದು ಮಾಲೀಸು ಮಾಡುವವನಿಗೆ ಮೊದಲ ದಿನವೇ ಹೇಳುವ ಮಾತು: ಕೈಗೆ ಗೊತ್ತಾದದ್ದು ಬಾಯಿಗೆ ಗೊತ್ತಾಗಬಾರದು. ದಸರೆಗೆ ಮುಂಚೆ ಯಾರಿಗೆ ಯಾರು ಎದುರಾಳಿ ಎಂದು ಜೋಡಿ ಕಟ್ಟುತ್ತಾರಲ್ಲ, ಆ ದಿನಗಳಲ್ಲಿ ಬೇರೆ ಗರಡಿಯವರು ನಮ್ಮನ್ನು ಹೋಟೆಲಿಗೆ ಕರೆದು ದೋಸೆ ಕೊಡಿಸಿ, "ನಿಮ್ಮವನ ಭುಜ ಹೆಂಗಿದೆ, ಸೊಂಟ ಹೆಂಗಿದೆ" ಎಂದು ಕೇಳುತ್ತಿದ್ದರು. ನಾವು ದೋಸೆ ತಿಂದು, ಕೈ ತೊಳೆದು, ಎದ್ದು ಬರುತ್ತಿದ್ದೆವು. ಹದಿನೆಂಟು ವಯಸ್ಸಿನಲ್ಲಿ ನನಗಿದ್ದ ಆ ಬುದ್ಧಿ ಅರವತ್ತು ದಾಟಿದ ಮೇಲೆ ಇರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಗಿರೀಶ ಎಂಬ ಮೈಸೂರಿನ ಎಂಜಿನಿಯರ್ ಇದ್ದಾನೆ. ಒಳ್ಳೆಯ ಹುಡುಗ, ಕಷ್ಟಕ್ಕಾಗುವವನು. ಕೆಲಸ ಸಾಫ್ಟ್‌ವೇರಿನದಾದರೂ ಫುಟ್‌ಬಾಲಿನ ಹುಚ್ಚು. ಈ ಸಣ್ಣ ತಂಡದವರಿಗೆ ಬಿಡುವಿನಲ್ಲಿ ಆಟಗಾರರ ಲೆಕ್ಕಾಚಾರ ಮಾಡಿಕೊಡುತ್ತಿದ್ದ. ಯಾರನ್ನು ಉಳಿಸಿಕೊಂಡರೆ ಲಾಭ, ಯಾರನ್ನು ಬಿಟ್ಟರೆ ಲಾಭ ಎಂದು. ಪ್ರತಿ ಯುಗಾದಿಗೆ ಅವನ ಮನೆಯ ಹಿತ್ತಲಿನಲ್ಲಿ ನಮ್ಮ ಕಡೆಯವರೆಲ್ಲ ಸೇರಿ ಊಟ. ಬಡಿಸುವುದು ನಾನು. ಯಾರೂ ಬಲವಂತ ಮಾಡಿದ್ದಲ್ಲ. ಮೊದಲ ವರ್ಷ ಕೈಗೆ ಬಕೆಟ್ಟು ಬಂತು, ಆಮೇಲೆ ಅದು ನನ್ನದೇ ಆಯಿತು. "ಅಂಕಲ್, ಇಲ್ಲಿ ಸಾರು", "ಅಂಕಲ್, ಅಲ್ಲಿ ಪಲ್ಯ ಬಂದಿಲ್ಲ". ಬಡಿಸುವವನು ಮಾತಿಗೆ ಸೇರುವುದಿಲ್ಲ. ಅವರ ಮಾತೆಲ್ಲ ಷೇರು, ಶಾಲೆ, ಮನೆಯ ಬಡ್ಡಿ. ನನಗೆ ತಿಳಿಯುವುದೂ ಇಲ್ಲ. ಎಲ್ಲರದೂ ಆದ ಮೇಲೆ ಹೆಂಗಸರ ಜೊತೆ ಕೊನೆಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆ. ಇದರಲ್ಲಿ ಅವಮಾನವೇನೂ ಇಲ್ಲವೆಂದು ಹೆಂಡತಿಗೆ ನಾನೇ ಹೇಳುತ್ತಿದ್ದೆ.

ಆ ವರ್ಷದ ಯುಗಾದಿಗೆ ನನ್ನ ಬುಧವಾರದ ಗೆಳೆಯನಿಗೆ ತಂಡದ ಜೊತೆಗಿದ್ದ ಒಪ್ಪಂದ ಮುಗಿದು ಎರಡು ವಾರವಾಗಿತ್ತು. ಇಂಥವನನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ಯಾವ ತಂಡಕ್ಕೂ ಸೇರದವನು. ಹಳೆಯ ತಂಡ ಮತ್ತೆ ಕರೆಯಬಹುದು, ಕರೆಯದೆಯೂ ಇರಬಹುದು. ಹಿಂದಿನ ಬುಧವಾರ ತಾನೇ ಚಾಪೆಯ ಮೇಲೆ ಮಲಗಿ ಅವನು ಹೇಳಿದ್ದ:

"ಡಲ್ಲಾಸಿನವರು ಫೋನ್ ಮಾಡಿದ್ರು ಕೋಚ್. ದುಡ್ಡೂ ಸ್ವಲ್ಪ ಜಾಸ್ತಿ ಕೊಡ್ತಾರಂತೆ. ನನಗೆ ಬೇಡ. ಇಲ್ಲಿಯವರು ಕಮ್ಮಿ ಕೊಟ್ರೂ ಇಲ್ಲೇ ಇರ್ತೀನಿ. ಡಲ್ಲಾಸಲ್ಲಿ ಬುಧವಾರ ಇಲ್ವಲ್ಲ."

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿತ್ತಲಿನಲ್ಲಿ ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ.

ಊಟದ ಸಾಲಿನಲ್ಲಿ ಅದೇ ಚರ್ಚೆ ಎದ್ದಿತು. ಮತ್ತೆ ಸೈನ್ ಮಾಡಿಸಬೇಕೋ ಬೇಡವೋ.

"ಉಳಿಸ್ಕೊಳ್ಲೇಬೇಕು ಗುರೂ. ಅವನಿಲ್ದೆ ಆ ಟೀಮಲ್ಲಿ ಏನಿದೆ, ಮಣ್ಣು!" ಎಂದನೊಬ್ಬ.

"ರನ್ನಿಂಗ್ ಬ್ಯಾಕ್ ಅಂದ್ರೆ ಟೈರ್ ಇದ್ದಂಗೆ ಕಣೋ. ಓಡಿದಷ್ಟೂ ಸವೀತದೆ. ಸವೆದ ಟೈರಿಗೆ ಯಾರಾದ್ರೂ ಮತ್ತೆ ದುಡ್ಡು ಹಾಕ್ತಾರಾ?" ಎಂದನಿನ್ನೊಬ್ಬ.

ಗಿರೀಶ ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ, "ಲೆಕ್ಕದ ಪ್ರಕಾರ ಫಿಫ್ಟಿ ಫಿಫ್ಟಿ. ವಯಸ್ಸು ನೋಡಿದ್ರೆ ಬಿಡ್ಬೇಕು, ಆಟ ನೋಡಿದ್ರೆ ಇಟ್ಕೊಬೇಕು. ನಾಳೆ ನಾನು ಏನಾದ್ರೂ ಒಂದು ಹೇಳ್ಬೇಕು ಅವರಿಗೆ. ತಲೆ ಕೆಟ್ಟೋಗಿದೆ" ಎಂದ.

ನನ್ನ ಬಾಯಿಂದ ಬಂತು: "ಅವನ ಎಡ ಮಂಡಿ ಮುಗಿದದೆ."

ಯಾರಿಗೂ ಕೇಳಿಸಿರಲಿಲ್ಲವೇನೋ. ಕೇಳಿಸದಿದ್ದರೆ ಅಲ್ಲಿಗೇ ಬಿಡಬಹುದಿತ್ತು. ನಾನು ಬಕೆಟ್ಟು ಕೆಳಗಿಟ್ಟು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.

ಎಲ್ಲರೂ ತಿರುಗಿದರು. "ಅಂಕಲ್, ನಿಮಗೆ ಹೆಂಗೆ ಗೊತ್ತು?"

"ಅವನ ಕಾಲು ವಾರಾವಾರ ನನ್ನ ಕೈಲಿರ್ತದೆ."

"ಏನು! ಅವನು ನಿಮ್ಮನೆಗೆ ಬರ್ತಾನಾ?" ಗಿರೀಶ ಎದ್ದು ನಿಂತಿದ್ದ. "ಇಷ್ಟು ದಿನ ಹೇಳೇ ಇಲ್ವಲ್ಲ ಅಂಕಲ್! ನಿಜವಾಗ್ಲೂ ಮುಗಿದಿದೆಯಾ? ಎಷ್ಟು ದಿನ ಬರಬಹುದು?"

"ಒಂದು ಸೀಸನ್ ಬಂದ್ರೆ ಹೆಚ್ಚು" ಎಂದೆ, ಡಾಕ್ಟರ ಧಾಟಿಯಲ್ಲಿ.

ಗಿರೀಶ ತಾನು ಕೂತಿದ್ದ ಕುರ್ಚಿಯನ್ನೇ ನನಗೆ ಎಳೆದುಕೊಟ್ಟ. "ಕೂತ್ಕೊಳ್ಳಿ ಅಂಕಲ್, ಕೂತ್ಕೊಂಡು ಹೇಳಿ." ಬೇರೆ ಯಾರೋ ಬಕೆಟ್ಟು ತೆಗೆದುಕೊಂಡರು. ನನ್ನ ಮುಂದೆ ಎಲೆ ಬಂತು. ಬಿಸಿ ಅನ್ನ, ಮೇಲೆ ತುಪ್ಪ. ನಾನು ಮಂಡಿಯ ಬಗ್ಗೆ ಹೇಳುತ್ತ ಹೋದೆ. ಸದ್ದು ಹೇಗೆ ಬರುತ್ತದೆ, ಗರಡಿಯಲ್ಲಿ ಅದಕ್ಕೇನೆನ್ನುತ್ತಾರೆ, ಎಲ್ಲ. ದೊಡ್ಡ ದೊಡ್ಡ ಸಂಬಳದವರು ತಲೆ ಅಲ್ಲಾಡಿಸಿ ಕೇಳಿದರು. ಮೊದಲ ಪಂಕ್ತಿಯಲ್ಲಿ ಕೂತು ಉಂಡ ಆ ಊಟ ನನಗೆ ಬಹಳ ರುಚಿಯಾಗಿತ್ತು. ಇದನ್ನು ಬರೆಯದೆ ಬಿಡಬೇಕೆಂದಿದ್ದೆ. ಆದರೆ ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಈ ಸಂಗತಿಗೇ: ರುಚಿಯಾಗಿತ್ತು, ಹಾಕಿಸಿಕೊಂಡು ಉಂಡೆ.

ಹೆಂಡತಿಯೂ ನಾನೂ ಮನೆಗೆ ನಡೆದು ಬಂದೆವು. ಬಾಗಿಲು ತೆಗೆಯುವಾಗ, "ಯಾಕಂದ್ರಿ ಆ ಮಾತು? ಹುಡುಗ ನಂಬ್ಕೊಂಡು ಕಾಲು ಚಾಚಿದ್ದ" ಎಂದಳು.

"ಇದ್ದಿದ್ದು ಹೇಳ್ದೆ. ಸುಳ್ಳು ಹೇಳಿದ್ನಾ?"

"ಇದ್ದಿದ್ದಕ್ಕೇ ಅಲ್ವಾ ನಾನು ಕೇಳಿದ್ದು" ಎಂದು ಒಳಗೆ ಹೋದಳು.

ಆ ರಾತ್ರಿಯೇ ಗಿರೀಶನಿಗೆ ಫೋನ್ ಮಾಡಿ, ನನ್ನ ಮಾತು ಬಿಟ್ಟುಬಿಡು, ಅದು ಹಳೇ ಕಾಲದ ಲೆಕ್ಕ ಎನ್ನಬಹುದಿತ್ತು. ಎರಡು ಸಲ ನಂಬರ್ ಒತ್ತಿ ಇಟ್ಟೆ. ಗಿರೀಶನ ಮುಂದೆ ಸಣ್ಣವನಾಗುತ್ತೇನಲ್ಲ ಎಂಬ ಯೋಚನೆ. ತಂಡ ಅವನನ್ನು ಕರೆಯಲಿಲ್ಲ.

ಅವನು ಡಲ್ಲಾಸಿಗೆ ಹೊರಡುವ ಮುನ್ನ ಒಂದು ಬುಧವಾರ ಒಬ್ಬನೇ ಬಂದ. ಆಸ್ಟಿನ್ನಿನಲ್ಲಿ ಅವನ ಅಜ್ಜಿಯ ಮನೆಯ ಹಿಂದೆ ಪೀಕನ್ ಮರವಿದೆ. ಅಕ್ರೋಟಿನ ಹಾಗಿರುವ ಅದರ ಕಾಯಿ ಒಂದು ಚೀಲ ತಂದು ನನ್ನ ಹೆಂಡತಿಗೆ ಕೊಟ್ಟ. ಎಂದಿನಂತೆ ಚಾಪೆ ಮುಟ್ಟಿ ಹಣೆಗೆ ಒತ್ತಿಕೊಂಡು ಮಲಗಿದ. ನಾನು ಎಣ್ಣೆ ಕಾಯಿಸಿ ತಂದೆ.

"ಯಾರೋ ನನ್ನ ಮಂಡಿ ಬಗ್ಗೆ ಹೇಳಿದಾರೆ ಕೋಚ್" ಎಂದ ಚಾವಣಿ ನೋಡುತ್ತ. "ಡಾಕ್ಟರ ಪರೀಕ್ಷೇಲಿ ಏನೂ ಇಲ್ಲ. ಆದ್ರೂ ಮುಗಿದಿದೆ ಅಂತ ಆಫೀಸಲ್ಲಿ ಮಾತಂತೆ. ನಮ್ಮ ಟ್ರೈನರ್ ಹುಡುಗನೇ ಇರಬೇಕು. ಅವನೊಬ್ಬನೇ ಅಲ್ವಾ ನನ್ನ ಕಾಲು ಮುಟ್ಟೋನು, ನಿಮ್ಮನ್ನ ಬಿಟ್ಟು. ಮೂರು ವರ್ಷದ ಸ್ನೇಹ. ಮಾತು ಬಿಟ್ಟುಬಿಟ್ಟೆ ಅವನ ಜೊತೆ."

ನಾನು ಎಣ್ಣೆಯ ಕೈಯಲ್ಲಿ ಕೂತಿದ್ದೆ. ಬಾಯಿ ಮುಚ್ಚಬೇಕಾಗಿದ್ದ ಕಡೆ ತೆರೆದಿದ್ದೆ. ತೆರೆಯಬೇಕಾದ ಕಡೆ ಒಂದೇ ಒಂದು ಮಾತು ಬಂತು.

"ಇರಬಹುದು" ಎಂದೆ.

ಡಲ್ಲಾಸ್ ತಂಡದಲ್ಲಿ ಅವನು ಒಂದಲ್ಲ, ಐದು ಸೀಸನ್ ಓಡಿದ. ಅದೇ ಮಂಡಿಯಲ್ಲಿ. ನಾನು ಯಮನ ಗಂಟೆ ಎಂದುಕೊಂಡದ್ದು ಏನೂ ಅಲ್ಲದ ಸದ್ದು. ಕೆಲವರ ಮಂಡಿ ಹಾಗೆ ಸದ್ದು ಮಾಡಿಕೊಂಡೇ ಮುದಿಯಾಗುತ್ತದಂತೆ. ಗರಡಿಯಿಂದ ಮನೆಗೆ ಕಳಿಸಿದ ಎಷ್ಟು ಪೈಲ್ವಾನರು ಹಾಗೆಯೇ ಓಡಬಹುದಿತ್ತೋ ಎಂದು ಈಗ ಅನಿಸುತ್ತದೆ. ಗುಟ್ಟು ಒಡೆದದ್ದು ಒಂದು ತಪ್ಪು. ಒಡೆದ ಗುಟ್ಟು ನಿಜವೂ ಆಗಿರಲಿಲ್ಲ.

ಗಿರೀಶ ಸಿಕ್ಕಾಗಲೆಲ್ಲ, "ಅಂಕಲ್, ನಿಮ್ಮ ಒಂದು ಸೀಸನ್ ಮಂಡಿ ಇನ್ನೂ ಓಡ್ತಾ ಇದೆಯಲ್ಲ!" ಎಂದು ನಗುತ್ತಿದ್ದ. ಅವನಿಗದು ತಮಾಷೆ. ಬುಧವಾರದ ಸಂಗತಿ ಅವನಿಗೆ ಗೊತ್ತಿಲ್ಲ, ನಾನು ಹೇಳಿರಲಿಲ್ಲ. ಹುಡುಗರೆಲ್ಲ ಸೇರಿ ಅದನ್ನು 'ಅಂಕಲ್ ಭವಿಷ್ಯ' ಎಂದು ಕರೆದರು. ಮಳೆ ಬರುತ್ತದೆಂದು ನಾನು ಅಂದರೆ, ಕೊಡೆ ಬೇಡ ಬಿಡ್ರೋ ಎನ್ನುತ್ತಿದ್ದರು. ಮರುವರ್ಷದ ಯುಗಾದಿಗೆ ಬಕೆಟ್ಟು ನನ್ನ ಕೈಗೆ ಬಂದಿತ್ತು.

ಒಮ್ಮೆ ಡಲ್ಲಾಸಿನ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಯಾರದೋ ಗೃಹಪ್ರವೇಶಕ್ಕೆ ಗಿರೀಶ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಸಂಜೆ ಡಲ್ಲಾಸ್ ತಂಡದ ಆಟವಿತ್ತು, ಅಲ್ಲಿಗೂ ಕರೆದೊಯ್ದ. ಅವನು ಆಡುವುದನ್ನು ನಾನು ಕಣ್ಣಾರೆ ನೋಡಿದ್ದು ಅದೊಂದೇ ಸಲ. ಬಿದ್ದ, ಎದ್ದ, ಬಿದ್ದ. ಎಲ್ಲ ಸಲವೂ ಮುಂದಕ್ಕೇ ಬಿದ್ದ. ಆಟ ಮುಗಿದ ಮೇಲೆ ಬೇರೆ ಆಟಗಾರರ ಮಕ್ಕಳು ಬೇಲಿ ದಾಟಿ ಮೈದಾನಕ್ಕೆ ಓಡಿದರು. ಅವನು ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ಆ ಮಕ್ಕಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದ. "ಹೋಗಿ ಮಾತಾಡ್ಸೋಣ ಬನ್ನಿ ಅಂಕಲ್, ನಿಮ್ಮ ಫ್ರೆಂಡು" ಎಂದ ಗಿರೀಶ. ಕಾಲು ನೋವು ಎಂದೆ.

ಅವನು ಆಟ ಬಿಟ್ಟು ಆಸ್ಟಿನ್ನಿಗೆ ಹೋಗಿ, ತೀರಿಹೋದ ಅಜ್ಜಿಯ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಆಟ ಕಲಿಸುತ್ತಿದ್ದಾನೆಂಬ ಸುದ್ದಿ ಬಂದಾಗ, ಹೆಂಡತಿ ನನ್ನ ಎದುರು ಬಂದು ಕೂತಳು.

"ಹೋಗಿ ಹೇಳಿ ಬನ್ನಿ. ನಾನಿರೋವಾಗ್ಲೇ ಹೋಗಿ ಬನ್ನಿ. ನಾನು ಹೋದ್ಮೇಲೆ ನಿಮ್ಮನ್ನ ಯಾರೂ ತಳ್ಳೋರಿಲ್ಲ."

ಬಸ್ಸಿನಲ್ಲಿ ಹೋದೆ. ಅವನು ಕೊರಳಿಗೆ ಸೀಟಿ ಹಾಕಿಕೊಂಡು ಮನೆಯ ಹಿಂದೆ ಪೀಕನ್ ಕಾಯಿ ಆಯುತ್ತಿದ್ದ. ಗಡ್ಡದಲ್ಲಿ ಬಿಳಿ ಇಣುಕಿತ್ತು. ನನ್ನನ್ನು ನೋಡಿ ಎರಡೂ ಕೈ ಚಾಚಿ ಬಂದ. ನಾನು ನಿಂತಲ್ಲೇ ನಿಂತು, ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಕೈ ಇಳಿಸಿದ. ಕಾಯಿಯ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಕೂತ.

"ಗೊತ್ತಿತ್ತು ಕೋಚ್."

"ಹೇಗೆ?"

"ಕೊನೇ ದಿನ ನೀವು ತೊಡೆ ಉಜ್ಜಿದ್ರಿ, ಮೀನಖಂಡ ಉಜ್ಜಿದ್ರಿ. ಮಂಡಿ ಮುಟ್ಟಲೇ ಇಲ್ಲ. ಕೈ ಸುತ್ತು ಹಾಕ್ಕೊಂಡು ಹೋಯ್ತು. ಕಾರಲ್ಲಿ ಕೂತಾಗ ಹೊಳೀತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಏನಂತ ಕೇಳ್ಲಿ? ನಿಮ್ಮ ಹೆಂಡ್ತಿ ನನ್ನ ಮಗಳಿಗೆ ವಾರಾವಾರ ತಿನ್ನಿಸಿದ್ರು. ಆ ಟ್ರೈನರ್ ಹುಡುಗನಿಗೆ ಅವತ್ತೇ ಫೋನ್ ಮಾಡಿ ತಪ್ಪಾಯ್ತು ಅಂದೆ. ನಿಮ್ಮ ಹೆಸರು ಹೇಳ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅವನ ಕಾಲ ಹತ್ತಿರ ಕೂರಲು ಹೋದೆ. ರಟ್ಟೆ ಹಿಡಿದು ಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಸ್ವಲ್ಪ ಹೊತ್ತು ಇಬ್ಬರೂ ಕಾಯಿ ಸುಲಿದೆವು.

"ನನ್ನ ಲೆಕ್ಕ ಬಿಡಿ" ಎಂದ ಆಮೇಲೆ. "ನಾನು ಹೇಗೋ ಆಡ್ದೆ, ಸಂಬಳ ಬಂತು. ನಾನು ಹೋದ ಮೇಲೂ ಮಗಳು ಬುಧವಾರ ಶಾಲೆಯಿಂದ ಬಂದು ಬೂಟು ಬಿಚ್ತಾನೇ ಇರ್ಲಿಲ್ವಂತೆ. ಕಿಟಕಿ ಹತ್ರ ಕೂತಿರ್ತಿದ್ಳಂತೆ. ಅಪ್ಪನಿಗೆ ಆಟ ಮುಖ್ಯ, ನಾನಲ್ಲ ಅಂತ ತಿಳ್ಕೊಂಡ್ಳು. ಈಗ್ಲೂ ಹಂಗೇ ತಿಳ್ಕೊಂಡಿದಾಳೆ. ಫೋನ್ ಮಾಡಿದ್ರೆ ಎರಡು ಮಾತು. ನಾನು ಹೇಳಿದ್ರೆ ನೆಪ ಅಂತಾಳೆ. ನೀವು ಹೇಳಿದ್ರೆ ನಂಬ್ತಾಳೆ ಕೋಚ್. ಅವಳ ಪರವಾಗಿ 'ಆಯ್ತು ಬಿಡಿ' ಅನ್ನೋಕೆ ನನಗಾಗಲ್ಲ. ಅದನ್ನ ಅವಳ ಹತ್ರಾನೇ ಕೇಳ್ಬೇಕು ನೀವು."

ಅವಳು ಇರುವುದು ಮಿಸೌರಿ ಸಿಟಿಯಲ್ಲೇ, ತಾಯಿಯ ಜೊತೆ, ನಮ್ಮ ಮನೆಯಿಂದ ಐದಾರು ಬೀದಿ ಆಚೆ. ಹೋಗುತ್ತೇನೆ ಎಂದು ಅವನ ಕೈ ಹಿಡಿದು ಮಾತು ಕೊಟ್ಟೆ. ಬಸ್ಸು ಹತ್ತುವಾಗ ಅವನು, "ಮೆಟ್ಟಿಲು ಎತ್ತರ ಇದೆ, ನೋಡ್ಕೊಂಡು" ಎಂದ.

ಅದಾಗಿ ಎರಡು ವರ್ಷ. ಹೋಗಿಲ್ಲ. ಪರೀಕ್ಷೆಯ ಸಮಯ ಎಂದುಕೊಂಡೆ, ರಜೆ ಎಂದುಕೊಂಡೆ, ತಾಯಿ ಏನಂದುಕೊಂಡಾಳೋ ಎಂದುಕೊಂಡೆ. ಹದಿಹರೆಯದ ಹುಡುಗಿಯ ಮುಂದೆ ಮುದುಕನೊಬ್ಬ ಹೋಗಿ ನಿಂತು, ನಿನ್ನಪ್ಪ ನಿನ್ನನ್ನು ಬಿಟ್ಟು ಹೋಗಲಿಲ್ಲಮ್ಮ, ನಾನು ಒಂದು ಹೊತ್ತಿನ ಊಟದ ಮರ್ಯಾದೆಗೆ ಅವನನ್ನು ಊರು ಬಿಡಿಸಿ ಕಳಿಸಿದೆ ಎಂದು ಹೇಗೆ ಹೇಳಲಿ? ಇದೂ ನೆಪವೇ. ಅವಳು ನಂಬದಿದ್ದರೆ ಎಂಬ ಹೆದರಿಕೆ ನನಗಿಲ್ಲ. ನಂಬಿದರೆ ಎಂಬುದೇ ಹೆದರಿಕೆ.

ಹೋದ ತಿಂಗಳು ಹಾಲು ತರಲು ದಿನಸಿ ಅಂಗಡಿಗೆ ಹೋಗಿದ್ದೆ. ಕ್ಯಾಶಿನಲ್ಲಿ ಹೊಸ ಹುಡುಗಿ. ಎತ್ತರದವಳು. ಹಣೆ, ದವಡೆ ಎಲ್ಲ ಅಪ್ಪನದೇ. ಅಂಗಿಯ ಮೇಲೆ ಹೆಸರಿನ ಬಿಲ್ಲೆ. ನನ್ನ ಮುಂದಿದ್ದ ಮುದುಕಿಯ ಸಾಮಾನನ್ನು ಒಂದೊಂದಾಗಿ ಚೀಲಕ್ಕೆ ತುಂಬಿ, ಮೊಟ್ಟೆಯನ್ನು ಮೇಲಿಟ್ಟು, "ಇದು ಭಾರ ಇದೆ, ನಾನೇ ಕಾರಿನ ತನಕ ತಂದುಕೊಡ್ಲಾ?" ಎಂದು ಕೇಳಿದಳು. ಮುದುಕಿ ಬೇಡವೆಂದಳು. ನನ್ನ ಸರದಿ ಬಂತು. ಹುಡುಗಿ ತಲೆಯೆತ್ತಿ ನಕ್ಕು, "ಬನ್ನಿ ಸರ್" ಎಂದಳು.

ನಾನು ಸಾಮಾನಿನ ತಳ್ಳುಗಾಡಿ ತಿರುಗಿಸಿಕೊಂಡು ಪಕ್ಕದ ಉದ್ದನೆಯ ಸಾಲಿಗೆ ಹೋಗಿ ನಿಂತೆ.

ಈ ಬರಹದಲ್ಲಿ ಅವನ ಹೆಸರು ಎಲ್ಲೂ ಬರೆದಿಲ್ಲ. ಅವನ ಹತ್ತಿರ ಕ್ಷಮೆ ಕೇಳಿ ಆಗಿದೆ, ಅವನು ಕೊಟ್ಟೂ ಆಗಿದೆ. ಹೆಸರು ಬರೆಯಬೇಕಾದದ್ದು ನಾನಿನ್ನೂ ಕೇಳದೆ ಉಳಿದಿರುವವಳದು.

ನಯೋಮಿ.